ಕೂತವರು, ನಿಂತವರು

ಮಾನೌಮಿ ಅಮಾಸಿಯ ಮಧ್ಯಾಹ್ನ, ಹಿರಿಯರಿಗೆ ಎಡೆ ಇಡುವ ಹೊತ್ತಿಗೆ, ನಾನು ಆ ಮನೆಯ ಪಡಸಾಲೆಯಲ್ಲಿ ನಡುಗಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದೆ. ಕೈಯಲ್ಲಿ ಸುತ್ತಿಗೆ ಇತ್ತು. ಎದುರಿಗೆ ಮೂಡಣ ಗೋಡೆ. ಅದರ ಮೇಲೆ ಆಗತಾನೆ ನಾನೇ ಮೊಳೆ ಹೊಡೆದು ತೂಗುಹಾಕಿದ ಚಿತ್ರ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ನೇರವಾಗಿ ಚಿತ್ರದ ಮೇಲೆ ಬೀಳುತ್ತಿತ್ತು. ಆದ್ದರಿಂದ ನಾನು ಕಂಡದ್ದರಲ್ಲಿ ಮಸುಕು ಯಾವುದೂ ಇಲ್ಲ. ಊರು ಕೃಷ್ಣೆಯ ದಂಡೆಯ ಮೇಲಿನದು, ಸುರಪುರದಿಂದ ಬಸ್ಸಿನ ದಾರಿ. ಹೆಸರು ಬರೆಯುವುದಿಲ್ಲ. ಈ ಕತೆಯಲ್ಲಿ ಬರುವ ಹೆಂಗಸು ಇನ್ನೂ ಅಲ್ಲೇ ಇದ್ದಾಳೆ.

ಇದನ್ನು ಬರೆಯುತ್ತಿರುವುದು ಶಹಾಪುರ, ಯಾದಗಿರಿಯ ಸ್ಟುಡಿಯೋಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು ಮನೆಮಂದಿಯ ಚಿತ್ರ ಜೋಡಿಸುವ ಹುಡುಗ ಹುಡುಗಿಯರಿಗೆ. ಅವರಲ್ಲಿ ಕೆಲವರು ಈಚೆಗೆ ನನ್ನ ಮನೆಗೆ ಬಂದಿದ್ದರು. ಒಬ್ಬರ ತಲೆ ಒಂದು ಫೋಟೊದಿಂದ, ಇನ್ನೊಬ್ಬರ ಮೈ ಮತ್ತೊಂದರಿಂದ ತೆಗೆದು, ಸತ್ತವರನ್ನೂ ಇದ್ದವರನ್ನೂ ಒಂದೇ ಗೋಡೆಯ ಮುಂದೆ ತರುವುದು ಈಗ ಒಂದು ಚಹಾ ಕುಡಿಯುವಷ್ಟರಲ್ಲಿ ಆಗುತ್ತದೆ ಎಂದರು. ನೀವು ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರು. ನಾನು ಬಣ್ಣ, ಬಟ್ಟೆ, ಬ್ರಷ್ಷಿನ ಮಾತಾಡಿ ಕಳಿಸಿದೆ. ಹೇಳಬೇಕಾದದ್ದು ಅದಾಗಿರಲಿಲ್ಲ.

ನಾನು ಈ ಕೆಲಸ ಕಲಿತದ್ದು ಸುರಪುರದ ಬಜಾರಿನಲ್ಲಿ, ಉಸ್ಮಾನ ಉಸ್ತಾದರ ಹತ್ತಿರ. ಅವರ ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ, ಅಗಸಿ ಎಣ್ಣೆಯ ವಾಸನೆ, ಮೂಲೆಯಲ್ಲಿ ಪಾನಿನ ಪೀಕದಾನಿ. ಮಳೆಗಾಲದಲ್ಲಿ ಹಳ್ಳಿಯ ದಾರಿಗಳು ಕೆಸರಾಗುತ್ತಿದ್ದುದರಿಂದ ನಾವು ಒಳಗೇ ಕೂತು ಮೈಗಳನ್ನು ಬರೆಯುತ್ತಿದ್ದೆವು. ಮಾದರಪಾಟದ ಬಟ್ಟೆಗೆ ಸರೇಸಿನ ಅಂಟು ಕಲಸಿದ ಬಿಳಿ ಬಳಿದು, ಒಣಗಿಸಿ, ಅದರ ಮೇಲೆ ಧೋತರ ಉಟ್ಟ ಗಂಡಸರು, ಇಳಕಲ್ ಸೀರೆಯ ಹೆಂಗಸರು, ಅಂಗಿ ಚೊಣ್ಣದ ಮಕ್ಕಳು, ನಡುವೆ ಕುರ್ಚಿ, ಕೆಳಗೆ ಜಮಖಾನೆ. ಯಾರಿಗೂ ತಲೆ ಇರುತ್ತಿರಲಿಲ್ಲ. ಮಳೆ ನಿಂತ ಮೇಲೆ ಆ ಬಟ್ಟೆಗಳನ್ನು ಸುರುಳಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಊರೂರಿಗೆ ಹೋಗುವುದು, ಮನೆಯವರನ್ನು ಎದುರಿಗೆ ಕೂಡ್ರಿಸಿಕೊಂಡು ತಲೆಗಳನ್ನು ಬರೆಯುವುದು. ಬಜಾರಿನ ಮಕ್ಕಳು ಮಳೆಗಾಲದಲ್ಲಿ ನಮ್ಮ ಅಂಗಡಿಯ ಮುಂದೆ ಹಾಯುವಾಗ ಓಡುತ್ತಿದ್ದರು.

ಉಸ್ತಾದರು ಬಹಳ ಕಾಲ ನನಗೆ ಕೈ ಕಾಲು ಬಿಟ್ಟು ಬೇರೇನೂ ಬರೆಯಲು ಕೊಡಲಿಲ್ಲ. ಮುಖ ಯಾವಾಗ ಎಂದು ಕೇಳಿದ್ದಕ್ಕೆ, “ಮಾರಿ ಎಲ್ಲಾರೂ ನೋಡ್ತಾರಲೇ. ಸುಳ್ಳು ಸಿಗೂದು ಕೈಯಾಗ,” ಎಂದರು. ಹೊಲದವನ ಕೈಯನ್ನು ಗುಮಾಸ್ತನ ಕೈಯಂತೆ ಬರೆದರೆ ಬ್ರಷ್ಷಿನ ಹಿಂಬದಿಯಿಂದ ಬೆರಳಿಗೆ ಹೊಡೆಯುತ್ತಿದ್ದರು. ಹೊಗಳಿದ್ದು ನನಗೆ ನೆನಪಿಲ್ಲ.

ಅವರ ಅಂಗಡಿಗೆ ಒಂದು ಕಟ್ಟಳೆ ಇತ್ತು. ಅವರ ಉಸ್ತಾದರಿಂದ ಬಂದದ್ದಂತೆ. ಚಿತ್ರದಲ್ಲಿ ಸತ್ತವರು ಕೂತಿರಬೇಕು, ಇದ್ದವರು ನಿಂತಿರಬೇಕು. ಎಂಬತ್ತರ ಅಜ್ಜಿ ಬದುಕಿದ್ದರೆ ಕೋಲು ಹಿಡಿದು ನಿಲ್ಲಬೇಕು. ಇಪ್ಪತ್ತರ ಹುಡುಗ ಹೋಗಿದ್ದರೆ ಕುರ್ಚಿಯಲ್ಲಿ ಕೂಡಬೇಕು. ಹೀಗೇಕೆ ಎಂದು ಕೇಳಿದಾಗ, ಇದ್ದವರಿಗೆ ಇನ್ನೂ ಹೋಗುವುದಿದೆ, ಹೋದವರಿಗೆ ದಣಿವಾಗಿದೆ, ಅಷ್ಟೇ ಎಂದಿದ್ದರು. ಹುಣಸಗಿಯಿಂದ ಶಹಾಪುರದವರೆಗೆ ಎಷ್ಟೋ ಪಡಸಾಲೆಗಳಲ್ಲಿ ನಮ್ಮ ಚಿತ್ರಗಳಿದ್ದವು. ಓದು ಬಾರದವರೂ ಅವನ್ನು ಓದುತ್ತಿದ್ದರು. ಹೊಸ ಬೀಗರು ಮನೆಗೆ ಬಂದರೆ ಮೊದಲು ಗೋಡೆ ನೋಡುತ್ತಿದ್ದರು. ಯಾರು ಇದ್ದಾರೆ, ಯಾರು ಹೋಗಿದ್ದಾರೆ ಎಂದು ಕೇಳುವ ಮುಜುಗರ ಅವರಿಗೆ ಇರುತ್ತಿರಲಿಲ್ಲ.

ಕೂತವರಿಗೆ ಅಮಾಸಿಯ ದಿನ ಹೂವಿಟ್ಟು ಎಡೆ ಮಾಡುತ್ತಿದ್ದರು. ಅದರಿಂದ ಒಮ್ಮೆ ಪೇಚಾಟವಾಯಿತು. ದೋರನಹಳ್ಳಿಯ ಒಂದು ಮನೆಯಲ್ಲಿ ತೀರಿಹೋದ ಅಜ್ಜನ, ಅವರ ಮುತ್ಯಾನ, ಫೋಟೊ ಇರಲಿಲ್ಲ. ಅವನನ್ನು ಕಂಡವರು, ಪಕ್ಕದ ಊರಿನ ಎಲೆ ವ್ಯಾಪಾರಿ ಸಾಬಣ್ಣ ಥೇಟ್ ಅವನ ಹಾಗೇ ಇದ್ದಾನೆ ಎಂದರು. ಸಾಬಣ್ಣನನ್ನು ಕರೆಸಿ, ಊಟ ಹಾಕಿಸಿ, ಕುರ್ಚಿಯ ಮೇಲೆ ಕೂಡ್ರಿಸಿ ಬರೆದೆ. ಏನು, ಯಾಕೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮುಂದೊಂದು ದಿನ ಅದೇ ಮನೆಯ ಮದುವೆಗೆ ಹೋದ ಸಾಬಣ್ಣ ಗೋಡೆಯ ಮೇಲೆ ತನ್ನನ್ನು ಕಂಡ. ಮರುದಿನ ಮುಂಜಾನೆ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಿದ್ದ.

“ಮಾಸ್ತರ, ನಾ ಇನ್ನಾ ಸತ್ತಿಲ್ರಿ.”

ಅದು ನೀವಲ್ಲ, ಅವರ ಮುತ್ಯಾ ಎಂದೆ.

“ಮುತ್ಯಾ ಅವರವ ಇರಬಹುದು, ಮೂಗು ನಂದೈತಿ. ಆ ಮೂಗಿನ ಮುಂದ ಹೋಳಿಗಿ ಇಟ್ಟು ಕೈ ಮುಗ್ಯಾಕತ್ತಾರ. ಅವ್ರು ಎಡಿ ಇಟ್ಟಂದಿನಿಂದ ನನಗ ಜ್ವರ ಬಿಟ್ಟಿಲ್ಲ. ಎಬ್ಬಿಸಿ ನಿಂದ್ರಸ್ರಿ ನನ್ನ.”

ನಾನು ನಕ್ಕೆ. ಉಸ್ತಾದರು ನಗಲಿಲ್ಲ. ನನ್ನನ್ನು ದೋರನಹಳ್ಳಿಗೆ ಕಳಿಸಿ, ಮುತ್ಯಾನಿಗೆ ದಪ್ಪ ಗಲ್ಲಮೀಸೆ ಬರೆಸಿ, ಗದ್ದದ ಮೇಲೊಂದು ಮಚ್ಚೆ ಇಡಿಸಿದರು. ಸಾಬಣ್ಣ ಜೊತೆಗೇ ಬಂದು, ಮುಗಿಯುವವರೆಗೆ ನಿಂತು ನೋಡಿ, “ಈಗ ಅವ ಸತ್ತ, ನಾ ಉಳದೆ,” ಎಂದು ಎಲೆ ಹಾಕಿಕೊಂಡ. ಇದನ್ನು ಬಹಳ ವರ್ಷ ತಮಾಷೆಯಾಗಿ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಕೂಡ್ರಿಸುವುದೆಂದರೆ ಏನೆಂದು ಆ ಎಲೆ ಮಾರುವವನಿಗೆ ನನಗಿಂತ ಮೊದಲೇ ಗೊತ್ತಿತ್ತು.

ಇನ್ನೊಂದು ತಪ್ಪು ಬಣ್ಣದ್ದು. ಅದೂ ಮುಂದೆ ಬೇಕಾಗುತ್ತದೆ, ಹಾಗಾಗಿ ಇಲ್ಲೇ ಹೇಳುತ್ತೇನೆ. ಮಳೆಗಾಲದಲ್ಲಿ ನಾವು ಅಂಗಡಿ ಬೋರ್ಡುಗಳನ್ನೂ ಬರೆಯುತ್ತಿದ್ದೆವು. ಬಜಾರಿನಲ್ಲಿ ಇಬ್ಬರು ಕೂಡಿ ನಡೆಸುತ್ತಿದ್ದ ಒಂದು ಬಟ್ಟೆ ಅಂಗಡಿ ಇತ್ತು. ಜಗಳವಾಗಿ ಬೇರೆಯಾದರು. ಉಳಿದವನು ಹೋದವನ ಹೆಸರು ಅಳಿಸಲು ಹೇಳಿದ. ಹೆಸರು ಗಾಢ ಕೆಂಪಿನಲ್ಲಿತ್ತು. ನಾನು ಅದರ ಮೇಲೆ ಬಿಳಿ ಬಳಿದೆ. ಸ್ವಲ್ಪ ದಿನದಲ್ಲೇ ಬಿಳಿಯೊಳಗಿಂದ ಗುಲಾಬಿ ಬಣ್ಣದಲ್ಲಿ ಹೋದವನ ಹೆಸರು ಎದ್ದು ಬಂತು. ಇನ್ನೊಮ್ಮೆ ಬಳಿದೆ, ಇನ್ನೊಮ್ಮೆ ಬಂತು. ಅವನು ದುಡ್ಡು ಕೊಟ್ಟು ಬರೆಸಿದ್ದಾನೆ ಎಂದು ಉಳಿದವನು ಜಗಳಕ್ಕೆ ಬಂದ. ಉಸ್ತಾದರು ನನ್ನ ಕಿವಿ ಹಿಂಡಿ ಹೇಳಿದ್ದು: ಆ ಕೆಂಪು ಬೇಗ ಒಣಗುವುದಿಲ್ಲ, ಒಣಗಿದರೂ ಸುಮ್ಮನಿರುವುದಿಲ್ಲ, ಮೇಲೆ ಏನೇ ಹಚ್ಚಿದರೂ ಎಣ್ಣೆಯೊಳಗೆ ಹಾಯ್ದು ಮೇಲೆ ಬರುತ್ತದೆ. ಆದರೆ ಕುಂಕುಮಕ್ಕೆ ಬೇರೆ ಯಾವ ಕೆಂಪೂ ಅಷ್ಟು ಒಪ್ಪುತ್ತಿರಲಿಲ್ಲ. ಆದ್ದರಿಂದ ಕುಂಕುಮಕ್ಕೆ ಅದನ್ನೇ, ಎಲ್ಲ ಮುಗಿದ ಮೇಲೆ ಕೊನೆಗೆ, ಒಂದೇ ಚುಕ್ಕೆ ಇಡುತ್ತಿದ್ದೆವು.

ಕಾಲ ಹೋದಂತೆ ಕೆಲಸದ ರೀತಿ ಬದಲಾಯಿತು. ಮೊದಲು ಮನೆಮಂದಿ ಎದುರಿಗೆ ಕೂಡುತ್ತಿದ್ದರು. ಆಮೇಲೆ ಫೋಟೊ ಕೊಟ್ಟು ಹೊಲಕ್ಕೆ ಹೋಗುತ್ತಿದ್ದರು. ಕೊನೆಕೊನೆಗೆ ಮೊಬೈಲಿನಲ್ಲಿ ಆಧಾರ್ ಕಾರ್ಡಿನ ಮುಖ ತೋರಿಸಿ ಇದನ್ನೇ ನಗಿಸಿ ಎನ್ನುತ್ತಿದ್ದರು. ಆಧಾರ್ ಕಾರ್ಡಿನಲ್ಲಿ ಯಾರೂ ನಕ್ಕಿರುವುದಿಲ್ಲ. ಉಸ್ತಾದರು ತೀರಿಕೊಂಡ ಮೇಲೂ ನಾನು ಒಂದು ಅಭ್ಯಾಸ ಬಿಡಲಿಲ್ಲ. ಫೋಟೊ ಏನೇ ಇರಲಿ, ಇದ್ದವರನ್ನು ಒಮ್ಮೆ ಅವರ ಮನೆಯಲ್ಲೇ, ಅವರ ಬೆಳಕಿನಲ್ಲೇ ನೋಡಿ ಬರುತ್ತಿದ್ದೆ.

ಸುರಪುರದ ಒಬ್ಬ ಸಣ್ಣ ನೌಕರ ಮತ್ತು ಅವನ ಹೆಂಡತಿಯ ಮಾತೂ ಹೇಳಬೇಕು. ಕೊಡೇಕಲ್ಲಿನ ದೇವರಿಗೆ ಹೋಗಿ ಬಂದವರು ಬಸ್ಸಿಳಿದು ನೇರ ಅಂಗಡಿಗೆ ಬಂದರು. ಕೂಸಾಗಿದ್ದಾಗಲೇ ಹೋದ ಮಗಳ ಫೋಟೊ ಕೊಟ್ಟು, ಈಗ ಇದ್ದಿದ್ದರೆ ಹೇಗಿರುತ್ತಿದ್ದಳೋ ಹಾಗೆ ನಮ್ಮ ನಡುವೆ ಬರೆಯಿರಿ ಎಂದರು. ತಾಯಿಯ ಕಣ್ಣು, ತಂದೆಯ ಗದ್ದ ತೆಗೆದುಕೊಂಡು ಮದುವೆ ವಯಸ್ಸಿನ ಹುಡುಗಿಯನ್ನು ಬರೆದೆ. ಚೆನ್ನಾಗಿಯೇ ಬಂದಿತ್ತು. ತಾಯಿ ಬಹಳ ಹೊತ್ತು ನೋಡಿ, “ಈಕಿ ಯಾರ ಮಗಳ್ರಿ?” ಎಂದಳು. ನಾನು ಉತ್ತರ ಕೊಡುವ ಮೊದಲೇ ಗಂಡ ಆಕೆಯನ್ನು ಕರೆದುಕೊಂಡು ಹೋದ. ಚಿತ್ರ ಅಂಗಡಿಯಲ್ಲೇ ಉಳಿಯಿತು. ಆಮೇಲೆ ಬಂದ ಗಿರಾಕಿಗಳು ಅದನ್ನು ನೋಡಿ, ಹುಡುಗಿ ಯಾರ ಪೈಕಿ, ನಮ್ಮ ಹುಡುಗನಿಗೆ ತೋರಿಸುತ್ತಾರೇನು ಎಂದು ಕೇಳತೊಡಗಿದರು. ಮೂರನೆಯವರು ಕೇಳಿದ ದಿನ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟೆ.

ಇನ್ನು ಹೊಳೆಯ ಊರಿನ ಮಾತು.

ಮಾನಪ್ಪ ನನ್ನ ಅಂಗಡಿಗೆ ಬಂದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಮೀನು ಹಿಡಿಯುವುದು, ಹರಗೋಲಿನಲ್ಲಿ ಜನರನ್ನು ದಾಟಿಸುವುದು ಅವನ ಮನೆತನದ ಕೆಲಸ. ಫೋಟೊಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ಹಿಂದೆಯೇ ತೀರಿದ ಅಪ್ಪ. ಅವ್ವ ಯಂಕಮ್ಮ. ತಾನು. ಮಗಳು ಲಕ್ಷ್ಮಿ. ಆಕೆಯನ್ನು ಹೆತ್ತು ಹೆರಿಗೆಯಲ್ಲೇ ಹೋದ ತನ್ನ ಹೆಂಡತಿ. ತಮ್ಮ ಹಣಮಂತ. ತಮ್ಮನ ಹೆಂಡತಿ ದೇವಮ್ಮ. ಯಾರು ಎಲ್ಲಿ ಎಂದು ನಾನು ಕೇಳುವ ಮೊದಲೇ, “ಅಪ್ಪನ್ನ ಕೂಡ್ರಿಸ್ರಿ, ಲಕ್ಷ್ಮಿ ಅವ್ವನ್ನ ಕೂಡ್ರಿಸ್ರಿ,” ಎಂದು ತಮ್ಮನ ಫೋಟೊ ನನ್ನ ಕಡೆ ಸರಿಸಿದ. ಆಮೇಲೆ, “ಹಣಮನ್ನೂ,” ಎಂದ.

ಹಣಮಂತನ ಸುದ್ದಿ ನಾನು ಕೇಳಿದ್ದೆ, ಎಲ್ಲರೂ ಕೇಳಿದ್ದರು. ಹಿಂದಿನ ಸಲ ಹೊಳೆ ಬಂದಾಗ ಅವನು ಕಾಣೆಯಾಗಿದ್ದ. ಆದರೆ ಹೊಳೆಯ ಆಚೆ ದಂಡೆಯಲ್ಲಿ, ರಾಯಚೂರಿನ ಕಡೆಗೆ ಅವನು ನಡೆದು ಹೋಗುವುದನ್ನು ದನದ ವ್ಯಾಪಾರಿಯೊಬ್ಬ ಕಂಡಿದ್ದ ಎಂಬ ಮಾತಿತ್ತು. ಮನೆಯಲ್ಲಿ ಜಗಳವಾಗಿತ್ತು, ಸಿಟ್ಟಿನಿಂದ ಹೋಗಿದ್ದಾನೆ, ಬರುತ್ತಾನೆ ಎಂದು ಅವ್ವ ಮತ್ತು ಹೆಂಡತಿ ಕಾಯುತ್ತಿದ್ದರು. ಅವನು ಆ ಕಡೆ ಹೋಗಿದ್ದಾನಲ್ಲ ಎಂದೆ.

ಮಾನಪ್ಪ ಹೇಳಿದ್ದನ್ನು ಅವನು ಹೇಳಿದಂತೆಯೇ ಬರೆಯುತ್ತೇನೆ. ಇದು ನಾನು ಕಂಡದ್ದಲ್ಲ, ಕೇಳಿದ್ದು. ನೀರು ಏರುತ್ತಿದ್ದಾಗ ಅಣ್ಣ ತಮ್ಮ ಇಬ್ಬರೂ ಬಲೆ ಬಿಡಿಸಿಕೊಂಡು ಬರಲು ಹರಗೋಲು ಇಳಿಸಿದರು. ಸುಳಿಯಲ್ಲಿ ಹರಗೋಲು ಮಗುಚಿತು. ಮಾನಪ್ಪನ ಕೈಗೆ ಜಾಲಿಯ ಟೊಂಗೆ ಸಿಕ್ಕಿತು. ತಮ್ಮ ಮುಳುಗಿದ್ದನ್ನು, ಮತ್ತೆ ಏಳದ್ದನ್ನು ಅವನು ಕಣ್ಣಾರೆ ಕಂಡ. ಹೆಣ ಸಿಗಲಿಲ್ಲ. ಮನೆಗೆ ಬಂದಾಗ ಅವ್ವ ಅಂಗಳದಲ್ಲೇ ನಿಂತಿದ್ದಳು. ಆಕೆಯ ಮುಖ ನೋಡಿದ ಕೂಡಲೆ ಅವನ ಬಾಯಿಂದ ದನದ ವ್ಯಾಪಾರಿ ಬಂದುಬಿಟ್ಟ. ಅಂಥ ವ್ಯಾಪಾರಿ ಯಾರೂ ಇರಲಿಲ್ಲ.

“ನಾ ಒಮ್ಮಿ ಹೇಳಿದ್ದೆರಿ ಮಾಸ್ತರ. ಅವ್ರು ದಿನಾ ಕೇಳತಾರ. ಆ ದನದ ಸಾವಕಾರ ಏನ ಉಟ್ಟಿದ್ದ, ಹಣಮ ಕುಂಟತಿದ್ದನೇನು, ತಲಿಗಿ ಟಾವೆಲ್ ಇತ್ತೇನು. ದಿನಾ ಒಂದ್ ಹೊಸಾದು ಹೇಳಬೇಕು.”

ಈಗ ಲಕ್ಷ್ಮಿಗೆ ಗಂಡು ಗೊತ್ತಾಗಿತ್ತು. ಮನೆಯ ಮಗ ಇದ್ದಾನೋ ಇಲ್ಲವೋ ಎನ್ನುವುದು ತೀರದೆ, ಹೋಗಿದ್ದರೆ ಅವನ ಕರ್ಮ ಮಾಡದೆ, ಮದುವೆಯ ಹಂದರ ಹಾಕಬಾರದೆಂದು ದೈವದ, ಅಂದರೆ ಕುಲದ ಪಂಚಾಯ್ತಿಯ, ಹಿರಿಯರು ಹೇಳಿದ್ದರು. ಹಾಗಾದರೆ ಅವ್ವನಿಗೆ ಹೇಳಿಬಿಡು ಎಂದೆ.

“ಹೇಳಾಕ ಕುಂತ್ರ ನಾಲಿಗಿ ಏಳಂಗಿಲ್ರಿ. ನೀವು ಕೂಡ್ರಿಸಿಬಿಡ್ರಿ. ಅವ್ವ ನೋಡ್ತಾಳ, ತಿಳಕೊಂತಾಳ. ನಾ ಬಾಯಿ ಬಿಡೂದು ಬ್ಯಾಡ.”

ನಾನು ಇನ್ನೂ ಒಂದೆರಡು ಸಲ ಹೇಳಿದೆ. ಅವನು ಫೋಟೊಗಳನ್ನು ಅಲ್ಲೇ ಬಿಟ್ಟು ಎದ್ದು ಹೋದ. ನಾನು ಕೆಲಸ ತೆಗೆದುಕೊಂಡೆ.

ಅಭ್ಯಾಸದಂತೆ ಇದ್ದವರನ್ನು ನೋಡಲು ಹೋದೆ. ಯಂಕಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಮುಖ ಮುಂದೆ ಮಾಡಿ, ಬೇಕಾದಂತೆ ಬರಕೊ ಎನ್ನುವಂತೆ ಕೂತಳು. ದೇವಮ್ಮ ಬೆಳಕಿಂಡಿಯ ಕೆಳಗೆ ಬಂದು ನಿಂತಳು. ಹಣೆಯ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ತನ್ನ ಬಗ್ಗೆ ಏನೂ ಹೇಳಲಿಲ್ಲ, ಗಂಡನ ಬಗ್ಗೆ ಹೇಳಿದಳು. ಫೋಟೊದಲ್ಲಿ ಅವರು ಬಡವಾಗಿ ಕಾಣುತ್ತಾರೆ, ಅಷ್ಟು ಬಡವಿಲ್ಲ. ಎಡಗೈ ಹೆಬ್ಬೆರಳಿಗೆ ಹರಗೋಲಿನ ಹುಟ್ಟು ಹಿಡಿದು ಹಿಡಿದು ಗೆರೆ ಬಿದ್ದಿದೆ. ಅಲ್ಲಿಗೆ ನಿಲ್ಲಿಸದೆ ಗೋಡೆಯ ಹತ್ತಿರ ಹೋಗಿ ತನ್ನ ತಲೆಯ ಮೇಲೆ ಅಂಗೈ ಅಡ್ಡ ಹಿಡಿದು ಗುರುತು ತೋರಿಸಿದಳು.

“ನಾ ಅವ್ರ ಭುಜಕ್ಕ ಬರತೀನ್ರಿ. ಇಷ್ಟ. ನಿಂದ್ರಸುವಾಗ ಮರೀಬ್ಯಾಡ್ರಿ. ದೋಣಿಯಾಗ ನಿಂತು ನಿಂತು ಅವ್ರಿಗಿ ಕೂತು ರೂಢಿನ ಇಲ್ಲ.”

ನಾನು ಅಳತೆ ಬರೆದುಕೊಂಡಂತೆ ಮಾಡಿದೆ. ಮಾನಪ್ಪ ಅಂಗಳದಲ್ಲಿ ಬಲೆಯ ಗಂಟು ಬಿಚ್ಚುತ್ತಿದ್ದ, ತಲೆ ಎತ್ತಲಿಲ್ಲ.

ಚಿತ್ರದಲ್ಲಿ ಹಣಮಂತನನ್ನು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂಡ್ರಿಸಿದೆ. ಹೆಬ್ಬೆರಳಿನ ಗೆರೆ ಬರೆದೆ. ಅವನ ಕುರ್ಚಿಯ ಹಿಂದೆ ದೇವಮ್ಮನನ್ನು ನಿಲ್ಲಿಸಿದೆ. ಅವನ ತಲೆ ಆಕೆಯ ಎದೆಯ ಮಟ್ಟಕ್ಕೆ ಬಂತು. ಆಕೆಯ ಹಣೆಗೆ ಬಂದಾಗ ಕೈ ನಿಂತಿತು. ಕೂತ ಗಂಡನ ಹಿಂದೆ ಕುಂಕುಮದ ಹೆಂಡತಿಯನ್ನು ನಮ್ಮ ಅಂಗಡಿಯಲ್ಲಿ ಯಾವತ್ತೂ ಬರೆದಿರಲಿಲ್ಲ. ಆದರೆ ಉಸ್ತಾದರ ಇನ್ನೊಂದು ಮಾತೂ ಇತ್ತು: ಮನೆಯವರು ಅಳಿಸದ ಕುಂಕುಮವನ್ನು ನೀನು ಅಳಿಸಬೇಡ. ನಾನು ಎರಡನ್ನೂ ಪಾಲಿಸಿದೆ. ಅಮಾಸಿ ಹತ್ತಿರ ಬಂದಿತ್ತು. ಕೊನೆಯ ಚುಕ್ಕೆಯನ್ನು ಇಟ್ಟು, ಅದು ಒಣಗುವ ಮೊದಲೇ, ಮೇಲೆ ಬಟ್ಟೆ ತಾಗದಂತೆ ಕಡ್ಡಿ ಕಟ್ಟಿ, ಟಂಟಂ ಆಟೋದಲ್ಲಿ ಹಾಕಿಕೊಂಡು ಹೋದೆ.

ಪಡಸಾಲೆಯಲ್ಲಿ ಇದ್ದವರನ್ನು ಅವರವರ ಜಾಗದಲ್ಲಿ ಹೇಳುತ್ತೇನೆ. ಯಂಕಮ್ಮ ನನ್ನ ಬಲಕ್ಕೆ, ಜೋಳ ತುಂಬುವ ಮಣ್ಣಿನ ವಾಡೆಗೆ ಒರಗಿ ಕೂತಿದ್ದಳು. ಲಕ್ಷ್ಮಿ ಎಡೆಯ ತಾಟು ಹಿಡಿದು ಅಡಿಗೆ ಮನೆಯ ಬಾಗಿಲಲ್ಲಿ. ನೆರೆಮನೆಯ ತಿಪ್ಪಣ್ಣ ಚಿತ್ರ ಎತ್ತಲು ಬಂದವನು ಗೋಡೆಯ ಪಕ್ಕದಲ್ಲಿ. ಮಾನಪ್ಪ ತಲಬಾಗಿಲ ಹೊಸ್ತಿಲ ಆಚೆ, ಒಳಗೂ ಅಲ್ಲ ಹೊರಗೂ ಅಲ್ಲ. ದೇವಮ್ಮ ನನಗೂ ಚಿತ್ರಕ್ಕೂ ನಡುವೆ, ತಲೆಯ ಮೇಲೆ ಸೆರಗು. ತಿಪ್ಪಣ್ಣ ಬಟ್ಟೆ ತೆಗೆದ.

ತಿಪ್ಪಣ್ಣ ಬಟ್ಟೆಯನ್ನು ಮತ್ತೆ ಹೊದಿಸುವವನಂತೆ ಒಮ್ಮೆ ಕೈ ಎತ್ತಿ ಕೆಳಗಿಳಿಸಿದ. ಯಂಕಮ್ಮ ಕಣ್ಣು ಕಿರಿದು ಮಾಡಿ ಚಿತ್ರದ ಕಡೆ ಮುಖ ತಿರುಗಿಸಿ ಕೇಳಿದಳು:

“ನಮ್ಮ ಹಣಮ ಎಲ್ಲಿ ನಿಂತಾನ್ರಿ ಮಾಸ್ತರ?”

ನಾನು ತಲಬಾಗಿಲ ಕಡೆ ನೋಡಿದೆ. ಮಾನಪ್ಪ ಅಂಗಳದ ಕಡೆ ನೋಡುತ್ತಿದ್ದ. ಮುದುಕಿ ಇನ್ನೊಮ್ಮೆ ಕೇಳಿದಳು. ದೇವಮ್ಮ ತಿರುಗದೆ ಹೇಳಿದಳು.

“ನಿಂತಿಲ್ಲ ಅತ್ತಿ. ಕೂತಾರ.”

ಆಮೇಲೆ ಆಕೆ ತಲಬಾಗಿಲ ಕಡೆ ತಿರುಗಿದಳು. ಆ ಮನೆಗೆ ಬಂದಂದಿನಿಂದ ಭಾವನ ಮುಂದೆ ಆಕೆ ನೇರವಾಗಿ ಮಾತಾಡಿದ್ದಿಲ್ಲ ಎಂದು ತಿಪ್ಪಣ್ಣ ನನಗೆ ಆಮೇಲೆ ಹೇಳಿದ. ಅವತ್ತು ಆಡಿದಳು.

“ಭಾವಾರ, ದನದ ಸಾವಕಾರ ಏನ ಕಂಡಿದ್ದ?”

“ಯಾರೂ ಕಂಡಿಲ್ಲ, ತಾಯಿ,” ಎಂದ ಮಾನಪ್ಪ. “ಅವ ಮುಳುಗಿದ್ದು ನಾ ಒಬ್ಬವನ ಕಂಡೀನಿ.”

ಯಂಕಮ್ಮನಿಂದ ಒಂದು ದನಿ ಬಂತು. ಅದು ಅಳುವಲ್ಲ, ನೀರಿನ ಕೊಡ ಮಗ್ಗುಲಾದಾಗ ಬರುವಂಥದ್ದು. ದೇವಮ್ಮ ಚಿತ್ರದ ಹತ್ತಿರ ಹೋದಳು. ಗಂಡನ ಮುಖ ಮುಟ್ಟಲಿಲ್ಲ. ಬಲಗೈಯ ಹೆಬ್ಬೆರಳಿನಿಂದ, ಚಿತ್ರದಲ್ಲಿದ್ದ ತನ್ನ ಹಣೆಯ ಕುಂಕುಮವನ್ನು ಒರೆಸಿದಳು. ಹಸಿಯಾಗಿದ್ದ ಕೆಂಪು ಹುಬ್ಬಿನ ಮೇಲೆ ಹಾಯ್ದು ಕಿವಿಯವರೆಗೆ ಎಳೆಯಿತು. ಅದೇ ಕೈಯಿಂದ ತನ್ನ ಹಣೆಯನ್ನೂ ಒರೆಸಿಕೊಂಡಳು.

ಪುಡಿ ಕುಂಕುಮ ಹೋಯಿತು. ಕೈಯಲ್ಲಿದ್ದ ಎಣ್ಣೆಯ ಕೆಂಪು ಹಣೆಗೆ ಹತ್ತಿತು. ಮತ್ತೆ ಒರೆಸಿದಳು, ಇನ್ನೂ ಅಗಲವಾಯಿತು. ದನಿ ಕೇಳಿ ಓಣಿಯ ಹೆಂಗಸರು ಬಂದರು. ಬಳೆ ಒಡೆಯುವುದನ್ನು ನಾನು ನೋಡಲಿಲ್ಲ, ಕೇಳಿದೆ. ನೀರು ತಂದು ಹಣೆ ತೊಳೆದರು. ಆ ಕೆಂಪು ನೀರಿಗೆ ಹೋಗುವುದಿಲ್ಲ. ಬೂದಿ ಹಚ್ಚಿದರು, ತೆಂಗಿನ ನಾರಿನಿಂದ ತಿಕ್ಕಿದರು. ಹೋಗಲಿಲ್ಲ. ಒಬ್ಬಾಕೆ, ಇದು ಹೋಗಲೊಲ್ಲದಲ್ಲವ್ವಾ ಎಂದು ಕೈ ಬಿಟ್ಟು ಹಿಂದೆ ಸರಿದಳು. ಸೀಮೆಎಣ್ಣೆ ಬೇಕು ಎಂದು ನಾನೇ ಹೇಳಬೇಕಾಯಿತು. ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ. ಲಕ್ಷ್ಮಿ ತಂದು ಕೊಟ್ಟಳು. ಹಣೆಯ ಚರ್ಮ ಕಿತ್ತು ಬರುವವರೆಗೆ ಉಜ್ಜಿದರು. ದೇವಮ್ಮ ಕಣ್ಣು ತೆರೆದುಕೊಂಡೇ ಇದ್ದಳು. ಸುತ್ತಿಗೆ ನನ್ನ ಕೈಯಲ್ಲೇ ಇತ್ತು ಎಂದು ನನಗೆ ಗೊತ್ತಾದದ್ದು ದಾರಿಯಲ್ಲಿ.

ಕರ್ಮಗಳಾದವು. ಲಕ್ಷ್ಮಿಯ ಮದುವೆ ಆಯಿತು. ಮದುವೆಗೆ ಮೊದಲು ಮಾನಪ್ಪ ಚಿತ್ರವನ್ನು ಅಂಗಡಿಗೆ ತಂದು, ಮುಖ ಸರಿಮಾಡಿ ಕೊಡಿ ಎಂದ. ಸಿಕ್ಕಷ್ಟು ಕೆಂಪು ಒರೆಸಿ ತೆಗೆದು, ಚುಕ್ಕೆಯ ಜಾಗದಲ್ಲಿ ಇಂಗಿ ಉಳಿದದ್ದರ ಮೇಲೆ ಮೈಬಣ್ಣ ಹಚ್ಚಿ ಬೋಳು ಹಣೆ ಬರೆದು ಕೊಟ್ಟೆ.

ಮುಂದಿನ ವರ್ಷದ ಮಳೆಗಾಲದಲ್ಲಿ ಯಂಕಮ್ಮನಿಂದ ಹೇಳಿಕೆ ಬಂತು. ಹೋದೆ. ಮುದುಕಿ ನನ್ನನ್ನು ಕೈಹಿಡಿದು ಚಿತ್ರದ ಮುಂದೆ ನಿಲ್ಲಿಸಿದಳು. ದೇವಮ್ಮನ ಹಣೆಯಲ್ಲಿ, ಮೈಬಣ್ಣದ ಒಳಗಿಂದ, ದುಂಡಗೆ ಕೆಂಪು ಎದ್ದಿತ್ತು. ಪೊರೆಯ ಕಣ್ಣಿಗೆ ಅದು ಕಂಡಿರಲಾರದು. ಯಾರೋ ಹೇಳಿದ್ದರು, ಆಮೇಲೆ ಊರೆಲ್ಲ ಬಂದು ನೋಡಿತ್ತು.

“ನನ್ನ ಹಣಮ ಅದಾನ,” ಎಂದಳು. “ಅದಕ್ಕ ಬಂದೈತಿ.”

ನಾನು ಬಟ್ಟೆ ಅಂಗಡಿಯ ಬೋರ್ಡಿನ ಕತೆ ಹೇಳಿದೆ. ಬಣ್ಣ ಹೇಗೆ ಹಾಯ್ದು ಬರುತ್ತದೆ ಎಂದು ತಿಳಿಯುವ ಹಾಗೆ ಹೇಳಿದೆ. ಆಕೆ ಕೇಳಿ ನಕ್ಕಳು. “ಅಂಗಡಿ ಬೋರ್ಡು ಬ್ಯಾರೆ, ಮುತ್ತೈದಿ ಹಣಿ ಬ್ಯಾರೆ, ಮಾಸ್ತರ. ಎಣ್ಣಿಯಾಗೂ ಹೋಗಲಿಲ್ಲ, ನೀರಾಗೂ ಹೋಗಲಿಲ್ಲ. ನೀವ ಕಂಡೀರಿ.” ಹೌದು, ನಾನೇ ಕಂಡಿದ್ದೆ. ಮುದುಕಿ ದೇವಮ್ಮನನ್ನು ಕರೆದು, ತಡವರಿಸಿ ಹಣೆ ಹುಡುಕಿ, ತನ್ನ ಕೈಯಾರೆ ಕುಂಕುಮ ಇಟ್ಟಳು. ಮಾನಪ್ಪ ಅಲ್ಲೇ ಇದ್ದ. ತಮ್ಮ ಮುಳುಗಿದ್ದನ್ನು ಕಂಡಿದ್ದೇನೆ ಎಂದು ಅವನು ಇನ್ನೊಮ್ಮೆ ಹೇಳಿದ. ಒಮ್ಮೆ ಸುಳ್ಳು ಹೇಳಿದ ಬಾಯಿ ಎಂದು ಅವ್ವ ಅವನ ಕಡೆ ತಿರುಗಲಿಲ್ಲ.

ಹೊರಡುವಾಗ ದೇವಮ್ಮ ಅಂಗಳದ ಬಾಗಿಲವರೆಗೆ ಬಂದಳು. ಬೀದಿ ಕಾಣುವ ಮೊದಲು ಗೋಡೆಯ ಮರೆಯಲ್ಲಿ ನಿಂತು ಸೆರಗಿನಿಂದ ಹಣೆ ಒರೆಸಿಕೊಂಡಳು.

“ನಿಜ ಹೇಳ್ರಿ ಮಾಸ್ತರ. ಬಣ್ಣಾನ ಏನು ಅದು?”

ಬಣ್ಣವೇ ಎಂದೆ. ಆಕೆ ಸೆರಗಿಗೆ ಹತ್ತಿದ್ದ ಕೆಂಪನ್ನು ನೋಡಿದಳು. ಬೇರೇನೋ ಕೇಳಬೇಕೆಂದಿದ್ದವಳಂತೆ ಕಂಡಳು.

“ಹಂಗಾದ್ರ ದಪ್ಪಗ ಹಚ್ಚಿ ಕೊಡ್ರಿ. ಒಳಗ ಅತ್ತಿ ಹಚ್ಚತಾಳ, ಹೊರಗ ಬಂದ್ರ ಮಂದಿ ಬೈತಾರ. ನಾ ದಿನಾ ಎಷ್ಟ ಸಲ ಅಳಸಿಕೊಳ್ಳಲಿ?”

ಕೆಂಪು ಮೇಲೇಳದಂತೆ ಅರಗು ಹಚ್ಚಿ, ಒಣಗಿಸಿ, ಮೇಲೆ ದಪ್ಪಗೆ ಮೈಬಣ್ಣ ಹಚ್ಚಿದೆ. ಅದೇ ನಾನು ಮುಟ್ಟಿದ ಕೊನೆಯ ಚಿತ್ರ. ಅಂಗಡಿ ಮುಚ್ಚಿದ ಮೇಲೆ ಒಮ್ಮೆ ಆ ಕಡೆ ಹೋದಾಗ ನೋಡಿದೆ. ಕೆಂಪು ಮತ್ತೆ ಬಂದಿತ್ತು. ಅರಗು ಬಿರಿದ ಗೆರೆಯುದ್ದಕ್ಕೂ ಬಂದಿತ್ತು.

ಸ್ಟುಡಿಯೋದ ಮಕ್ಕಳೇ, ನಿಮ್ಮ ಕಂಪ್ಯೂಟರಿನಲ್ಲಿ ಬಣ್ಣ ಹಾಯ್ದು ಬರುವುದಿಲ್ಲ, ಬೇಡವೆಂದರೆ ಹಿಂದಕ್ಕೂ ಹೋಗಬಹುದು ಎಂದು ತೋರಿಸಿದಿರಿ. ನೋಡಿದೆ. ಆದರೂ ಹೇಳುತ್ತೇನೆ: ಯಾರನ್ನು ಎಲ್ಲಿ ಇಡಬೇಕೆಂದು ಒಬ್ಬ ಬಂದು ಹೇಳಿದಾಗ, ಉಳಿದವರಿಗೆ ಗೊತ್ತೇನು ಎಂದು ಕೇಳಿರಿ. ಗೊತ್ತಿಲ್ಲವೆಂದು ತಿಳಿದೂ ನಾನು ಕೂಡ್ರಿಸಿದೆ. ಕೇಳಿದರೆ ಏನಾದರೂ ತಪ್ಪುತ್ತದೆ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಆ ಮಧ್ಯಾಹ್ನ ಪಡಸಾಲೆಯಲ್ಲಿದ್ದವರಲ್ಲಿ ಯಂಕಮ್ಮ ಈಗಿಲ್ಲ. ಮಗ ಇದ್ದಾನೆಂದೇ ನಂಬಿ ಹೋದಳು. ಚಿತ್ರದಲ್ಲಿ ಇನ್ನೂ ನಿಂತಿದ್ದಾಳೆ. ಕೂಡ್ರಿಸಲು ಯಾರೂ ನನ್ನನ್ನು ಕರೆದಿಲ್ಲ. ತಿಪ್ಪಣ್ಣ ಇದ್ದಾನೆ, ಕೇಳಿದರೆ ಹೇಳುತ್ತಾನೆ. ಲಕ್ಷ್ಮಿ ಗಂಡನ ಮನೆಯಲ್ಲಿದ್ದಾಳೆ. ಮಾನಪ್ಪ ಇದ್ದಾನೆ, ಅವನನ್ನು ಕೇಳಬೇಡಿ. ದೇವಮ್ಮ ಇದ್ದಾಳೆ. ಈಗ ಆಕೆಗೆ ಕುಂಕುಮ ಇಡುವವರು ಯಾರೂ ಇಲ್ಲ, ಅಳಿಸಿಕೊಳ್ಳುವುದೂ ಇಲ್ಲ. ಸೀಮೆಎಣ್ಣೆಯಲ್ಲಿ ಉಜ್ಜಿದ ಕಡೆ ಹಣೆಯ ಚರ್ಮ ಸುತ್ತಲಿನ ಚರ್ಮಕ್ಕಿಂತ ಬೇರೆಯಾಗಿದೆ. ದುಂಡಗಿದೆ. ದೂರದಿಂದ ನೋಡಿದವರು ಈಗಲೂ ಮೋಸ ಹೋಗುತ್ತಾರೆ.